ಗಾಡಿ ಕೊಳ್ಳುವ ಮೊದಲು ಒಂದು ಲೆಕ್ಕ

ಕೆಲವು ವಾರಗಳ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಏಳನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಲಾರಿಯ ಚಿತ್ರ ಬಿಡಿಸುತ್ತಿದ್ದವನು. ಈಗ ಇಬ್ಬರು ಮಕ್ಕಳ ತಂದೆ. ಬಿ.ಸಿ.ರೋಡಿನಲ್ಲಿ ಒಬ್ಬರ ಗಾಡಿಗೆ ಸಂಬಳದ ಚಾಲಕನಾಗಿದ್ದಾನೆ. ಚಹಾ ಕುಡಿದಾದ ಮೇಲೆ ಮೆಲ್ಲನೆ ವಿಷಯಕ್ಕೆ ಬಂದ. "ಮಾಸ್ಟ್ರೇ, ಇನ್ನೊಬ್ಬರ ಗಾಡಿ ಓಡಿಸಿದ್ದು ಸಾಕಾಯಿತು. ಸ್ವಂತದ್ದೊಂದು ತೆಗೆಯುವ ಅಂತ ಇದ್ದೇನೆ. ಸಾಲಕ್ಕೆ ಜಾಮೀನು ನೀವು ಹಾಕಬೇಕಿತ್ತು."

ಯಾವ ಗಾಡಿ ಎಂದು ಕೇಳಿದೆ. ಒಂದೂವರೆ ಟನ್ ಹೊರುವ ದೊಡ್ಡ ಪಿಕ್‌ಅಪ್ ಒಂದರ ಹೆಸರು ಹೇಳಿದ. ಅದೇ ಏಕೆ ಎಂದರೆ, "ದೊಡ್ಡದಿದ್ದರೆ ಯಾವ ಬಾಡಿಗೆಯನ್ನೂ ಬಿಡಬೇಕಾಗುವುದಿಲ್ಲವಲ್ಲ?" ಎಂದ.

ಇದೇ ಮಾತನ್ನು ಸುಮಾರು ಹತ್ತು ವರ್ಷಗಳ ಹಿಂದೆ ಇನ್ನೊಬ್ಬ ವಿದ್ಯಾರ್ಥಿಯ ಬಾಯಿಂದ ಕೇಳಿದ್ದೆ. ಅವನ ಹೊಸ ಗಾಡಿಯ ಪೂಜೆಯ ದಿನ ತೆಂಗಿನಕಾಯಿ ಒಡೆದವನು ನಾನೇ. "ಭೇಷ್, ಶಾಲೆಯ ಹೆಸರು ಉಳಿಸಿದೆ" ಎಂದು ಬೆನ್ನು ತಟ್ಟಿದ್ದೆ. ದಿನಕ್ಕೆಷ್ಟು ಸರಕು ಸಿಗುತ್ತದೆ, ಕಂತು ಎಷ್ಟು ಎಂಬ ಒಂದು ಪ್ರಶ್ನೆಯನ್ನಾದರೂ ಕೇಳಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಕಂತು ಬಾಕಿಯಾಗಿ ಸಾಲ ಕೊಟ್ಟವರು ಗಾಡಿಯನ್ನು ಎಳೆದೊಯ್ದರು. ಮುಂಗಡಕ್ಕೆಂದು ಅಡವಿಟ್ಟ ತಾಯಿಯ ಚಿನ್ನವೂ ಹಿಂದಿರುಗಲಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವನು ಅಂದು ಲೆಕ್ಕ ಕೇಳದೆ ಚಪ್ಪಾಳೆ ತಟ್ಟಿದೆನಲ್ಲ ಎಂಬ ನೋವು ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಈ ಲೇಖನ.

ನಮ್ಮ ಕಡೆ ಸರಕು ಸಾಗಿಸುವ ಸಣ್ಣ ಗಾಡಿಗೆಲ್ಲ 'ಟೆಂಪೋ' ಎಂಬುದೇ ಹೆಸರು. ಅದು ಮೂಲತಃ ಜರ್ಮನಿಯ ಒಂದು ಕಂಪನಿಯ ಹೆಸರೆಂಬುದು ಹೆಚ್ಚಿನವರಿಗೆ ತಿಳಿಯದು. 1958ರಲ್ಲಿ ಆರಂಭವಾದ ಬಜಾಜ್ ಟೆಂಪೋದ ಮೂರು ಚಕ್ರದ ಗಾಡಿಗಳಿಂದಲೂ ಆಮೇಲೆ ಬಂದ ಮೆಟಡೋರ್‌ನಿಂದಲೂ ಆ ಪದ ನಮ್ಮದಾಯಿತು. ನಿಜವಾದ ಬದಲಾವಣೆ ತಂದದ್ದು 2005ರಲ್ಲಿ ಬಂದ ಟಾಟಾ ಏಸ್. ಎರಡು ಸಿಲಿಂಡರಿನ ಎಂಜಿನ್, ಮುಕ್ಕಾಲು ಟನ್ ಸರಕು, ನಾಲ್ಕು ಚಕ್ರ. ಉತ್ತರದವರು ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಗೂಡ್ಸ್ ರಿಕ್ಷಾದವನಿಗೂ ಲಾರಿಯವನಿಗೂ ನಡುವೆ ಒಂದು ಹೊಸ ಜೀವನೋಪಾಯ ಹುಟ್ಟಿತು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್, 2016ರಲ್ಲಿ ಮಾರುತಿಯ ಸೂಪರ್ ಕ್ಯಾರಿ ಬಂದವು. ಮಹೀಂದ್ರದ ಪಿಕ್‌ಅಪ್‌ಗಳಂತೂ ಊರೂರಲ್ಲಿವೆ. ಆಯ್ಕೆ ಹೆಚ್ಚಿದಂತೆ ತಪ್ಪು ಆಯ್ಕೆಯ ದಾರಿಗಳೂ ಹೆಚ್ಚಿದವು.

ನನ್ನ ಅಭಿಪ್ರಾಯ ಇಷ್ಟೇ. ಗಾಡಿಯನ್ನು ಆರಿಸುವ ಮೊದಲು ಸರಕನ್ನು ಗುರುತಿಸಬೇಕು. ವರ್ಷಕ್ಕೆ ನಾಲ್ಕು ಬಾರಿ ಸಿಗುವ ಅತಿ ದೊಡ್ಡ ಬಾಡಿಗೆಯನ್ನು ಕಣ್ಣ ಮುಂದಿಟ್ಟು ಗಾಡಿ ಕೊಳ್ಳಬಾರದು. ಯಾವ ವಿಶೇಷವೂ ಇಲ್ಲದ ಸಾಮಾನ್ಯ ಮಂಗಳವಾರದಂದು ಏನು ಹೊರುತ್ತೇವೆ ಎಂಬುದನ್ನು ನೋಡಿ ಕೊಳ್ಳಬೇಕು.

ನಮ್ಮ ಮೂರು ತಾಲೂಕುಗಳಲ್ಲಿ ಆ ಮಂಗಳವಾರದ ಸರಕು ಯಾವುದು? ಬೀಡಿ ಶಾಖೆಗೆ ಹೋಗುವ ಎಲೆಯ ಕಟ್ಟುಗಳು, ಬೇಕರಿಯ ತಟ್ಟೆಗಳು, ಮಂಗಳೂರಿನ ಬಂದರಿನ ಸಗಟು ಅಂಗಡಿಗಳಿಂದ ತರುವ ದಿನಸಿ, ಅಡಿಕೆ ಮೂಟೆ, ರಬ್ಬರ್ ಶೀಟು, ತೆಂಗಿನಕಾಯಿ. ಇವುಗಳಲ್ಲಿ ಕೆಲವು ಜಾಗ ಕೇಳುತ್ತವೆ, ಕೆಲವು ಬಲ ಕೇಳುತ್ತವೆ. ಬ್ರೆಡ್ಡಿನ ತಟ್ಟೆಗಳು ಗಾಡಿಯನ್ನು ತುಂಬಿದರೂ ತೂಕ ಅಲ್ಪ. ಸಿಮೆಂಟಾದರೆ ಐವತ್ತು ಕಿಲೋದ ಹದಿನೈದು ಚೀಲಕ್ಕೇ ಮುಕ್ಕಾಲು ಟನ್ ಮುಗಿಯಿತು. ಕೆಂಪುಕಲ್ಲು ಹೊರಬೇಕೆಂದಿದ್ದರೆ ಸಣ್ಣ ಗಾಡಿಯ ಯೋಚನೆಯನ್ನೇ ಬಿಡಬೇಕು. ಬೇಕರಿ ಸರಕಿಗೆ ಒಂದೂವರೆ ಟನ್ನಿನ ಗಾಡಿ ಕೊಳ್ಳುವುದು ಬೆಕ್ಕಿಗೆ ಹಾಲೆರೆಯಲು ಕೊಪ್ಪರಿಗೆ ತಂದಂತೆ.

ಈಗ ಲೆಕ್ಕ. ಉದಾಹರಣೆಗೆ, ದೊಡ್ಡ ಗಾಡಿಯ ಕಂತು ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ವಿಮೆ, ಟಯರು, ರಿಪೇರಿಗೆಂದು ತೆಗೆದಿಡಬೇಕಾದದ್ದು 6,000. ಒಟ್ಟು 21,000. ರಜೆ, ಮಳೆ, ಗ್ಯಾರೇಜು ಕಳೆದು ಗಾಡಿ ಓಡುವುದು 24 ದಿನ. ಅಂದರೆ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲೇ ಆ ದಿನದ ತಲೆಯ ಮೇಲೆ 875 ರೂಪಾಯಿ. ಡೀಸೆಲ್ ಬೇರೆ, ತನ್ನ ಕೂಲಿ ಬೇರೆ. ಸಣ್ಣ ಗಾಡಿಗೆ ಕಂತು 9,000, ಇತರ ಖರ್ಚು 4,200 ಎಂದಾದರೆ ದಿನಕ್ಕೆ 550. ವ್ಯತ್ಯಾಸ 325 ರೂಪಾಯಿ. ದೊಡ್ಡ ಬಾಡಿಗೆ ಸಿಗುವ ದಿನ ಈ ಹಣ ಸುಲಭವಾಗಿ ಹುಟ್ಟುತ್ತದೆ. ಸಿಗದ ದಿನ ಅದು ಮಕ್ಕಳ ಶುಲ್ಕದಿಂದ ಹೋಗುತ್ತದೆ. ಆನೆ ಸಾಕುವವನು ಅದರ ಬೆನ್ನಿನ ಅಗಲವನ್ನಷ್ಟೇ ಅಲ್ಲ, ಹೊಟ್ಟೆಯನ್ನೂ ಅಳೆಯಬೇಕು.

ಇದಕ್ಕೆ ಎದುರು ವಾದ ಇಲ್ಲವೆಂದಲ್ಲ. ಸಣ್ಣ ಗಾಡಿಗೆ ಮಿತಿಮೀರಿ ಹೇರಿ ಎರಡೇ ವರ್ಷದಲ್ಲಿ ಪಟ್ಟಿ ಮುರಿದುಕೊಂಡವರನ್ನು ನಾನೂ ಕಂಡಿದ್ದೇನೆ. ದಿನವೂ ಒಂದು ಟನ್ ಸಿಗುವುದು ಖಚಿತವಾದರೆ ದೊಡ್ಡ ಗಾಡಿಯೇ ಸರಿ. ಒಂದೇ ಸಲದಲ್ಲಿ ಮುಗಿಯುವ ಕೆಲಸಕ್ಕೆ ಎರಡು ಸಲ ಹೋಗುವುದು ಜಾಣತನವಲ್ಲ. ಆದರೆ 'ಖಚಿತ' ಎಂಬುದಕ್ಕೆ ಆಧಾರ ಬೇಕು. ಅಂಗಡಿಯವರು "ಗಾಡಿ ತೆಗೆ ಮಾರಾಯ, ಬಾಡಿಗೆ ನಾವು ಕೊಡುವ" ಎಂದದ್ದನ್ನೇ ಆಧಾರವೆಂದು ತಿಳಿದವನ ಕತೆಯನ್ನು ಮೇಲೆ ಹೇಳಿದ್ದೇನೆ.

ದಾರಿಯೂ ಗಾಡಿಯನ್ನು ಆರಿಸುತ್ತದೆ. ಹೆದ್ದಾರಿಯಲ್ಲಿ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ಬೆಳ್ತಂಗಡಿ ತಾಲೂಕಿನ ಒಳಗಿನ ತೋಟಗಳಿಗೆ ಇಳಿಯುವ ಮಣ್ಣಿನ ಏರುದಾರಿಯಲ್ಲಿ, ಜುಲೈ ತಿಂಗಳ ಕೆಸರಿನಲ್ಲಿ, ಅಂಗಳದಲ್ಲಿ ತಿರುಗಿಸಲು ಹತ್ತಡಿ ಜಾಗವಿಲ್ಲದಲ್ಲಿ ಗಾಡಿಯ ನಿಜವಾದ ಗುಣ ತಿಳಿಯುತ್ತದೆ. ಬಂಟ್ವಾಳ ಪೇಟೆಯ ಇಕ್ಕಟ್ಟಿನ ರಸ್ತೆಯೂ ಅಂಥದೇ ಪರೀಕ್ಷೆ. 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿತ್ತು. ಮತ್ತೆ ತೆರೆದಾಗ ಮೊದಲು ಅವಕಾಶ ಸಿಕ್ಕಿದ್ದು ಲಘು ವಾಹನಗಳಿಗೆ. ನಾಲ್ಕು ತಿಂಗಳ ಮಳೆಯ ನಾಡಿನಲ್ಲಿ ಮುಚ್ಚಿದ ಬಾಡಿಯೋ ಟರ್ಪಾಲೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಒದ್ದೆಯಾದ ಅಡಿಕೆಗೆ ಬೂಷ್ಟು ಹಿಡಿದರೆ ನಷ್ಟ ಬಾಡಿಗೆಯವನ ತಲೆಗೇ ಬರುತ್ತದೆ. ಆದರೆ ಮುಚ್ಚಿದ ಬಾಡಿಯ ತೂಕ ಸರಕಿನ ತೂಕದಿಂದ ಕಳೆಯುತ್ತದೆಂಬುದನ್ನೂ ಮರೆಯಬಾರದು.

ಇಂಧನದ ವಿಷಯದಲ್ಲೂ ಹೀಗೆಯೇ. ಸಿಎನ್‌ಜಿ ಅಗ್ಗವೆಂದು ಕೊಳ್ಳುವವರು, ಪಂಪು ತಮ್ಮ ದಿನನಿತ್ಯದ ದಾರಿಯಲ್ಲಿದೆಯೇ, ಅಲ್ಲಿ ಸರದಿ ಎಷ್ಟು ಹೊತ್ತು ಎಂಬುದನ್ನು ಒಂದು ವಾರ ನೋಡಿ ಬರಲಿ. ಆ ಸಿಲಿಂಡರಿನ ಭಾರವೂ ಸರಕಿನ ಪಾಲಿನಿಂದಲೇ ಹೋಗುತ್ತದೆ. 2022ರಲ್ಲಿ ಬಂದ ವಿದ್ಯುತ್ ಏಸ್‌ಗೆ ಕಂಪನಿ ಹೇಳಿದ್ದು ಒಂದು ಚಾರ್ಜಿಗೆ 154 ಕಿಲೋಮೀಟರ್. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗಿ ಬರಲು ಅದು ಧಾರಾಳ. ಬೆಳ್ತಂಗಡಿಯಿಂದ ಸರಕು ಹೇರಿ, ಏರುತಗ್ಗು ದಾಟಿ, ಹೋಗಿ ಬಂದು, ಮತ್ತೊಂದು ಬಾಡಿಗೆ ಹಿಡಿಯಬೇಕೆಂದರೆ ಲೆಕ್ಕ ಬಿಗಿಯಾಗುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಗಾಡಿ ಮತ್ತು ಸರಕು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ 1988ರ ಮೋಟಾರು ವಾಹನ ಕಾಯಿದೆಯಂತೆ ಪರ್ಮಿಟ್ ಬೇಡ. ಮೀರಿದರೆ ಬೇಕು. ಕೊಳ್ಳುವಾಗ ಈ ಅಂಕಿಯನ್ನು ನೋಡಬೇಕು. 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಭಾರಕ್ಕೆ ಕಾಯಿದೆಯಲ್ಲಿರುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ವೈಟ್ ಬೋರ್ಡಿನ ಹಳೆಯ ಓಮ್ನಿಯಲ್ಲಿ ಬಾಡಿಗೆ ಹೊಡೆಯುವವರು, ಅಪಘಾತವಾದ ದಿನ ವಿಮೆ ಕೈಕೊಡಬಹುದೆಂಬುದನ್ನು ನೆನಪಿಡಲಿ. ಒಂದು ಸಮಾಧಾನವೂ ಇದೆ. 7,500 ಕಿಲೋವರೆಗಿನ ಸರಕು ವಾಹನಕ್ಕೆ ಲಘು ವಾಹನದ ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿದೆ.

2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಸಂತೋಷವೇ. ಆದರೆ ಉಳಿದ ಹಣದಲ್ಲಿ ಸಾಲವನ್ನು ಕಡಿಮೆ ಮಾಡಿಕೊಳ್ಳಬೇಕೇ ಹೊರತು ಗಾಡಿಯನ್ನು ದೊಡ್ಡದು ಮಾಡಿಕೊಳ್ಳಬಾರದು.

ಅಂದು ಸಂಜೆ ನಾನು ಸಹಿ ಹಾಕಲಿಲ್ಲ. ಬದಲಿಗೆ ಒಂದು ನೋಟುಪುಸ್ತಕ ಕೊಟ್ಟೆ. "ಒಂದು ತಿಂಗಳು ಈಗಿನ ಗಾಡಿಯಲ್ಲೇ ಏನು ಹೊತ್ತೆ, ಎಷ್ಟು ಕಿಲೋ, ಎಷ್ಟು ದೂರ, ಎಷ್ಟು ಬಾಡಿಗೆ, ಹಿಂದಿರುಗುವಾಗ ಖಾಲಿಯೋ ತುಂಬಿತ್ತೋ ಎಂದು ಬರೆ. ಆಮೇಲೆ ಬಾ" ಎಂದೆ. ಅವನ ಮುಖ ಬಾಡಿತು. ಮಾಸ್ಟ್ರು ಜಾರಿಕೊಂಡರೆಂದು ತಿಳಿದಿರಬೇಕು.

ಕಳೆದ ಭಾನುವಾರ ಬಂದ. 25 ದಿನಗಳ ಲೆಕ್ಕ ಅಚ್ಚುಕಟ್ಟಾಗಿ ಬರೆದಿದ್ದ. ಅದರಲ್ಲಿ 700 ಕಿಲೋ ಮೀರಿದ್ದು ನಾಲ್ಕೇ ದಿನ. ಅರ್ಧಕ್ಕಿಂತ ಹೆಚ್ಚು ದಿನ ಹಿಂದಿರುಗಿದ್ದು ಖಾಲಿ. ನಾನು ಏನನ್ನೂ ಹೇಳಬೇಕಾಗಲಿಲ್ಲ. "ಆ ನಾಲ್ಕು ಬಾಡಿಗೆ ದೊಡ್ಡ ಗಾಡಿಯ ಸ್ನೇಹಿತನಿಗೆ ಕೊಟ್ಟರೆ, ಅವನು ಸಣ್ಣದ್ದನ್ನು ನನಗೆ ಕೊಡುತ್ತಾನೆ ಮಾಸ್ಟ್ರೇ" ಎಂದು ಅವನೇ ಹೇಳಿದ. ಈಗ ಅವನು ನೋಡುತ್ತಿರುವುದು ಮುಕ್ಕಾಲು ಟನ್ನಿನ ಗಾಡಿ. ತಾಯಿಯ ಚಿನ್ನ ಪೆಟ್ಟಿಗೆಯಲ್ಲೇ ಇರುತ್ತದೆ.

ಬರುವ ಸೋಮವಾರ ಬ್ಯಾಂಕಿಗೆ ಹೋಗಿ ಜಾಮೀನಿಗೆ ಸಹಿ ಹಾಕುವವನಿದ್ದೇನೆ. ನಿವೃತ್ತಿ ವೇತನದವನಿಗೆ ಇದು ಅಪಾಯವಲ್ಲವೇ ಎಂದು ಮನೆಯಲ್ಲಿ ಆಕ್ಷೇಪವಿದೆ. ಅಪಾಯ ಇದ್ದೇ ಇದೆ. ಆದರೆ ಈ ಸಲ ಲೆಕ್ಕ ನೋಡಿ ಹಾಕುತ್ತಿದ್ದೇನೆ. ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಗಾಡಿ ತೆಗೆಯುವ ಯೋಚನೆಯಲ್ಲಿದ್ದರೆ, ಷೋರೂಮಿಗೆ ಹೋಗುವ ಮೊದಲು ನಮ್ಮ ಮನೆಗೊಮ್ಮೆ ಬನ್ನಿ. ಕೊಡಲು ನನ್ನಲ್ಲಿ ಇನ್ನೂ ಕೆಲವು ನೋಟುಪುಸ್ತಕಗಳಿವೆ.