ಗ್ಯಾಸ್ ಗೀಸರ್ ಬಚ್ಚಲ ಗೋಡೆಯಾಚೆ ಇರಲಿ

ಇವತ್ತು ತೋಟ ಬಿಟ್ಟು ಬಚ್ಚಲಿನ ಮಾತು. ಮಳೆ ಹಿಡಿದ್ರೆ ನಮ್ಮ ಮಲೆನಾಡಲ್ಲಿ ಕರೆಂಟು ನಂಬೋ ಹಾಗಿಲ್ಲ, ಒಣ ಸೌದೆಗೂ ಪರದಾಟ. ಹಂಡೆ ಒಲೆ ತೆಗೆದು ಗ್ಯಾಸ್ ಗೀಸರ್ ಹಾಕಿಸೋರು ಅದಕ್ಕೇ ಜಾಸ್ತಿ ಆಗಿದ್ದಾರೆ. ಹಾಕಿಸ್ಲಿ, ಬೇಡ ಅನ್ನಲ್ಲ. ಆದ್ರೆ ಅದನ್ನ ಬಚ್ಚಲೊಳಗೇ, ಸ್ನಾನ ಮಾಡೋರ ತಲೆ ಪಕ್ಕ ನೇತುಹಾಕ್ತಾರಲ್ಲ, ಅದಕ್ಕೆ ನನ್ನ ವಿರೋಧ.

ಹಳೇ ಬಚ್ಚಲು ನೆನಪು ಮಾಡ್ಕೊಳ್ಳಿ. ಹೆಂಚಿನ ಮಾಡು, ಗೋಡೆಗೂ ಮಾಡಿಗೂ ನಡುವೆ ಸಂದಿ. ಅಡಿಕೆ ಸಿಪ್ಪೆ ಉರಿಸಿದ ಹೊಗೆ ಅಲ್ಲೇ ಹೋಗ್ತಿತ್ತು. ಹೆಚ್ಚಾದ್ರೆ ಕಣ್ಣು ಉರಿದು ನಾವೇ ಹೊರಗೆ ಓಡ್ತಿದ್ವಿ. ಈಗ ಆರ್‌ಸಿಸಿ, ಟೈಲ್ಸು, ಸಂದಿಯೇ ಇಲ್ಲದ ಬಾಗಿಲು. ಅಂಥ ಜಾಗದಲ್ಲಿ ಗ್ಯಾಸ್ ಉರೀತಾ ಹೋದ್ರೆ ಆಮ್ಲಜನಕ ಕಡಿಮೆಯಾಗಿ, ಉರಿ ಅರೆಬರೆಯಾಗಿ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದ್ರೆ ಮೂಗಿಗೆ ಬಡಿಯುತ್ತಲ್ಲ, ಹಾಗಲ್ಲ ಇದು. ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಅಂಟುತ್ತೆ. ತಲೆ ಸುತ್ತಿ ಕಾಲಲ್ಲಿ ಬಲ ಹೋದ್ಮೇಲೆ ಚಿಲಕ ತೆಗೆಯೋಕೂ ಆಗಲ್ಲ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತಾರೆ. ಗಾಳಿ ಒಳಗೆ ಬರೋಕೆ ದಾರಿಯೇ ಇಲ್ಲದಿದ್ರೆ ಫ್ಯಾನು ಎಳೆಯೋದಾದ್ರೂ ಏನನ್ನ? ಹೊಗೆ ಕೊಳವೆ ಇರೋ ಗೀಸರ್ ಆದ್ರೆ ಕೊಳವೆಯಲ್ಲಿ ಹೊರಗೆ ಹೋಗ್ಬೇಕಾದ ಹೊಗೆಯನ್ನೇ ವಾಪಸ್ ಎಳೆದು ತರುತ್ತೆ. ಚಳಿ ಅಂತ ವೆಂಟಿಲೇಟರಿಗೆ ಪ್ಲಾಸ್ಟಿಕ್ ಬಡಿದ ಮನೆಗಳಂತೂ ಬೇಕಾದಷ್ಟಿವೆ.

ಹೊರಗೋಡೆಗೆ, ಸೂರಿನಡಿ ಇಡಿಸಿ. ಒಳಗೆ ಬಿಸಿನೀರಿನ ಪೈಪು ಮಾತ್ರ ಬರಲಿ. ಪೈಪಿಗೆ ಒಂದಷ್ಟು ದುಡ್ಡು ಹೆಚ್ಚು ಹೋಗುತ್ತೆ, ಹೋಗ್ಲಿ. ಹೊರಗಿಟ್ರೂ ಮಲಗೋ ಕೋಣೆ ಕಿಟಕಿ ಕೆಳಗೆ, ಬಚ್ಚಲ ವೆಂಟಿಲೇಟರ್ ಪಕ್ಕ ಬೇಡ. ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಗಾಳಿ ಹೋದಲ್ಲಿಗೆ ತಾನೂ ಹೋಗುತ್ತೆ. ಮತ್ತೆ ಮಳೆ ಎರಚಲು ತಡೆಯೋಕೆ ಅಂತ ಸುತ್ತ ಟಾರ್ಪಾಲು ಕಟ್ಟಿಬಿಟ್ರೆ ಹೊರಗಿಟ್ಟಿದ್ದೂ ದಂಡ. ಗೀಸರಿನ ಗಾಳಿ ತೂತುಗಳಲ್ಲಿ ಜೇಡ ಬಲೆ ಕಟ್ಟಿದೆಯಾ ಆಗಾಗ ನೋಡಿ. ಉರಿ ನೀಲಿ ಇರ್ಬೇಕು. ಹಳದಿ ತಿರುಗಿದ್ರೆ, ಮಸಿ ಕಂಡ್ರೆ ಅವತ್ತೇ ನಿಲ್ಸಿ, ರಿಪೇರಿಯವರನ್ನ ಕರೆಸಿ.

ಈಗಾಗಲೇ ಒಳಗೆ ಹಾಕಿಸಿರೋರು ಅದನ್ನ ಹೊರಗೆ ಸಾಗಿಸೋವರೆಗೆ ಬಾಗಿಲು ಪೂರ್ತಿ ತೆರೆದಿಟ್ಟು ಬಕೆಟ್ ತುಂಬಿಸ್ಕೊಳ್ಳಿ. ಗೀಸರ್ ಆಫ್ ಮಾಡಿ, ಒಳಗಿನ ಗಾಳಿ ಹೊರಗೆ ಹೋಗೋಕೆ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ.