ಬಣವೆ ಅಡಿಯ ಕೇರೆ ಅಜ್ಜ

ಶೇಂಗಾ ಕಿತ್ತು ಮುಗೀತು. ಬೆಳೆ ಸುದ್ದಿ ಬರೀಬೇಕು ಅಂತ ಕೂತವನು ಹಾವಿನ ಸುದ್ದಿ ಬರೀತಾ ಇದ್ದೇನೆ. ಓದಿ ಮುಗಿಸಿದ ಮೇಲೆ ಎರಡೂ ಬೇರೆಬೇರೆ ಅಲ್ಲ ಅಂತ ನಿಮಗೇ ಕಾಣ್ತದೆ. ಸ್ವಲ್ಪ ಉದ್ದ ಅದೆ, ಪುರುಸೊತ್ತಲ್ಲಿ ಓದಿ.

ನಮ್ಮ ಕೊಟ್ಟಿಗೆ ಹಿಂದೆ ಹುಲ್ಲಿನ ಬಣವೆ ಅಡಿಗೆ ಒಂದು ಕೇರೆ ಹಾವು ಇತ್ತು. ಎಷ್ಟು ವರ್ಷದಿಂದ ಅಂತ ಲೆಕ್ಕ ಇಟ್ಟವರಿಲ್ಲ. ಮಗಳು ಎಂಟನೇ ಕ್ಲಾಸಲ್ಲಿದ್ದಾಗ ಅದರ ಬಾಲದ ತುದಿ ತುಂಡಾಗಿದ್ದು ನೋಡಿದ್ದೆವು. ಈಗ ಅವಳು ಕಾರವಾರದಲ್ಲಿ ಕೆಲಸಕ್ಕೆ ಹೋಗ್ತಾಳೆ. ಆ ಮೊಂಡು ಬಾಲವೇ ಗುರುತು. ಆಯಿ ಅದಕ್ಕೆ ‘ಅಜ್ಜ’ ಅಂತಿದ್ದಳು. ‘ಅಜ್ಜ ಇವತ್ತು ಬಿಸಿಲಿಗೆ ಬಂದಾನೆ, ಆ ಕಡೆ ಹೋಗಬೇಡಿ’ ಅನ್ನೂದು ಮನೆಯಲ್ಲಿ ಮಾಮೂಲು ಮಾತು. ನಾವು ಸಾಕಿದ್ದಲ್ಲ, ಹಿಡಿದದ್ದೂ ಅಲ್ಲ. ಅದು ಇತ್ತು, ನಾವೂ ಇದ್ದೆವು ಅಷ್ಟೆ.

ಎರಡು ವರ್ಷದಿಂದ ಅಜ್ಜ ನಿಧಾನ ಆಗಿತ್ತು. ಮೊದಲು ಕಾಲಿನ ಸಪ್ಪಳ ಕೇಳಿದ್ರೆ ಬಾಣದ ಹಾಗೆ ಓಡ್ತಿತ್ತು, ಆಮೇಲೆ ಹತ್ತು ಹೆಜ್ಜೆ ಹತ್ರ ಹೋದರೂ ಮಲಗಿದ ಹಾಗೇ ಇರ್ತಿತ್ತು. ಒಂದೇ ಸಲಕ್ಕೆ ಉದ್ದಕ್ಕೆ ಬಿಚ್ಚಿ ಹೋಗ್ತಿದ್ದ ಪೊರೆ ತುಂಡು ತುಂಡಾಗಿ ಬರ್ತಿತ್ತು. ಬೆನ್ನಿನ ಎಲುಬು ಏಣಿನ ಹಾಗೆ ಎದ್ದು ಕಾಣ್ತಿತ್ತು. ಮುದುಕ ಆಗ್ಯಾನೆ ಅಂತ ನಾವು ನಕ್ಕಿದ್ದೇ ಹೊರತು ಬೇರೇನೂ ಯೋಚನೆ ಮಾಡಲಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಶೇಂಗಾ ಗದ್ದೆಗೆ ಹೋದರೆ ಅಜ್ಜ ಬಲೆಯಲ್ಲಿ. ಹಂದಿ ಕಾಟಕ್ಕೆ ಅಂತ ಬೇಲೇಕೇರಿ ಕಡೆಯಿಂದ ಹಳೇ ಮೀನಿನ ಬಲೆ ತಂದು ಸುತ್ತ ಕಟ್ಟಿದ್ದು ನಾನೇ. ಉಳಿದದ್ದನ್ನು ಮೂಲೆಯಲ್ಲಿ ಗುಡ್ಡೆ ಹಾಕಿದ್ದೂ ನಾನೇ. ಆ ಗುಡ್ಡೆಯೊಳಗೆ ಹೊಕ್ಕು ಹೊರಗೆ ಬರ್ಲಿಕ್ಕೆ ಒದ್ದಾಡಿ, ನೈಲಾನ್ ಎಳೆ ಕುತ್ತಿಗೆ ಹತ್ರ ಚರ್ಮ ಕೊಯ್ದು ಒಳಗೆ ಹೋಗಿತ್ತು.

ಮುಂದೆ ನಾನು ಮಾಡಿದ್ದೆಲ್ಲ ತಪ್ಪು. ಒಂದೊಂದಾಗಿ ಬರೀತೇನೆ, ನೀವು ಮಾಡದೆ ಇರ್ಲಿ ಅಂತ.

ಬ್ಲೇಡಿಂದ ಬಲೆ ಕೊಯ್ದು ಬಿಡಿಸಿದೆ. ಗಾಯಕ್ಕೆ ಅರಿಶಿನ ಮೆತ್ತಿದೆ. ಪ್ಲಾಸ್ಟಿಕ್ ಡ್ರಮ್ಮಿಗೆ ಹಸಿ ಗೋಣಿ ಹಾಸಿ ಅದರೊಳಗೆ ಬಿಟ್ಟು, ತೆಂಗಿನ ಮರದ ಅಡಿಗೆ ತಂಪಲ್ಲಿ ಇಟ್ಟೆ. ಆಯಿ ತಾಟಲ್ಲಿ ಹಾಲು ತಂದಳು. ಹಾವು ಕುಡೀತು. ನಮಗೆಲ್ಲ ಖುಷಿ. ಗಾಯ ಮಾಯಿದ ಮೇಲೆ ಬಣವೆ ಹತ್ರವೇ ಬಿಡುವಾ ಅಂತ ಮಾತಾಡಿಕೊಂಡೆವು.

ಮೂರನೇ ದಿನ ಬಾಯಿ ತೆರೆದುಕೊಂಡು ಉಸಿರು ಬಿಡ್ತಿತ್ತು, ಮೂಗಿನ ಹತ್ರ ಗುಳ್ಳೆ. ಆವಾಗ ಹೆದರಿ ಫೋನ್ ಮಾಡಿದೆ. ಹಾವು ಹಿಡಿಯೋ ಹುಡುಗ ಒಬ್ಬ ಫಾರೆಸ್ಟ್ ಗಾರ್ಡ್ ಜೊತೆ ಬಂದ. ಬೈಯಲಿಲ್ಲ. ಡ್ರಮ್ ಬಗ್ಗಿಸಿ ನೋಡಿ, ‘ಅಣ್ಣಾ, ಇದಕ್ಕೆ ಮೈ ಬಿಸಿ ಮಾಡಿಕೊಳ್ಳಲಿಕ್ಕೆ ಬರೂದಿಲ್ಲ. ನೀವು ಥಂಡಿಯಲ್ಲಿ ಇಟ್ಟೀರಿ’ ಅಂದ. ಡಾಕ್ಟರ ಹತ್ರ ಒಯ್ದರು. ವಯಸ್ಸಾಗಿತ್ತು, ಗಾಯ ಕೊಳೆತಿತ್ತು, ಶ್ವಾಸಕ್ಕೂ ಸೋಂಕು ಹತ್ತಿತ್ತು ಅಂದರಂತೆ. ಎರಡು ದಿನ ಬಿಟ್ಟು ಸತ್ತಿತು. ಮೊದಲನೇ ದಿನವೇ ಫೋನ್ ಮಾಡಿದ್ರೆ ಬದುಕ್ತಿತ್ತೋ ಇಲ್ವೋ, ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಹುಡುಗ ಹೇಳಿದ್ದು, ಆಮೇಲೆ ನಾನು ಕೇಳಿ ಓದಿ ತಿಳಿದದ್ದು ಇಷ್ಟು. ಹಾವಿನ ಮೈ ಹೊರಗಿನ ಬಿಸಿಯಿಂದಲೇ ನಡೀತದೆ. ಬಿಸಿಲು ಸಿಗದಿದ್ರೆ ತಿಂದದ್ದು ಅರಗೂದಿಲ್ಲ, ರೋಗ ತಡೆಯೋ ಶಕ್ತಿಯೂ ಇರೂದಿಲ್ಲ. ಕಾಯಿಲೆ ಬಿದ್ದ ಹಾವಿಗೆ ಬಲವಂತದಿಂದ ತಿನಿಸಬಾರದು. ಹಾಲು ಅದರ ಆಹಾರವೇ ಅಲ್ಲ. ಬಾಯಾರಿದ ಹಾವು ಎದುರಿಗೆ ಏನು ಇಟ್ಟರೂ ಕುಡೀತದೆ. ನಾಗರ ಪಂಚಮಿಗೆ ಬುಟ್ಟಿಯಲ್ಲಿ ತರೋ ಹಾವು ಹಾಲು ಕುಡಿಯೂದೂ ಹಾಗೇ, ಮೊದಲು ನೀರು ಕೊಡದೆ ಒಣಗಿಸಿರ್ತಾರೆ. ಆಯಿಗೆ ಇದನ್ನು ಹೇಳಿದಾಗ ಅವಳು ತುಂಬ ಹೊತ್ತು ಮಾತಾಡಲಿಲ್ಲ.

ಇನ್ನೊಂದು ಮಾತು ಕಾನೂನಿಂದು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇರೆ ಹಾವನ್ನೂ ಹಿಡಿದು ಇಟ್ಟುಕೊಳ್ಳೋ ಹಾಗಿಲ್ಲ. ಉಪಕಾರಕ್ಕೆ ಅಂತ ಇಟ್ಟರೂ 48 ತಾಸಿನೊಳಗೆ ಇಲಾಖೆಗೋ ಪೊಲೀಸರಿಗೋ ತಿಳಿಸಬೇಕು. ನಾನು ಮೂರು ದಿನ ಇಟ್ಟುಕೊಂಡಿದ್ದೆ. ಕೇಸು ಹಾಕದೇ ಇದ್ದದ್ದು ಅವರ ದೊಡ್ಡತನ.

ಇದನ್ನು ಹೇಳಿದಾಗ ಬೆಂಗಳೂರಲ್ಲಿರೋ ತಂಗಿ ಮಗ, ‘ಮಾಮಾ, ನನ್ನ ದೋಸ್ತ ಮನೆಯಲ್ಲೇ ಹೆಬ್ಬಾವು ಸಾಕ್ಯಾನಲ್ಲ’ ಅಂದ. ಅದು ಆಫ್ರಿಕಾದ ಜಾತಿ, ಬಾಲ್ ಪೈಥಾನ್. ಅಂಥ ಹೊರದೇಶದ ಕೆಲವು ಪ್ರಾಣಿ ಸಾಕಿದವರು ಸರ್ಕಾರದ ಪರಿವೇಶ್ ಪೋರ್ಟಲಲ್ಲಿ ನೋಂದಣಿ ಮಾಡಿಸಬೇಕು ಅಂತ 2024ರಲ್ಲಿ ನಿಯಮ ಬಂತು. ಅದಕ್ಕೀಗ ವಯಸ್ಸಾಗಿ ತಿನ್ನೂದು ಬಿಟ್ಟಿದೆಯಂತೆ. ಬಿಸಿ ಪ್ಯಾಡು, ವಾರಕ್ಕೊಮ್ಮೆ ತೂಕ, ಡಾಕ್ಟರು, ಅಂತೂ ಹುಡುಗ ನಿದ್ದೆಗೆಟ್ಟು ನೋಡಿಕೊಳ್ತಾ ಇದ್ದಾನೆ. ಅವನಿಗೆ ನನ್ನ ನಮಸ್ಕಾರ. ಪೆಟ್ಟಿಗೆಯಲ್ಲಿ ಇಟ್ಟ ಜೀವಕ್ಕೆ ಬೇರೆ ಜಾಗ ಇಲ್ಲ, ಇಟ್ಟವನೇ ಕೊನೇವರೆಗೆ ನೋಡಬೇಕು. ಆದರೆ ನಮ್ಮ ಅಜ್ಜನಿಗೆ ಬಣವೆ ಇತ್ತು, ಬಿಸಿಲು ಇತ್ತು, ಇಲಿ ಇತ್ತು. ಅವನಿಗೆ ನಮ್ಮಿಂದ ಬೇಕಾಗಿದ್ದು ಹಾಲಲ್ಲ. ಆ ಬಲೆ ಅಲ್ಲಿ ಇಲ್ಲದೇ ಇದ್ದಿದ್ದರೆ ಸಾಕಿತ್ತು.

ನನ್ನ ಅಭಿಪ್ರಾಯ ಇದೇ. ಹಾವಿನ ಮೇಲೆ ಕರುಣೆ ತೋರಿಸೂದು ಅಂದ್ರೆ ಗಾಯ ಆದ ಮೇಲೆ ಅರಿಶಿನ ಹಚ್ಚೂದಲ್ಲ, ಗದ್ದೆಯನ್ನು ಮೊದಲೇ ಸರಿ ಇಡೂದು.

ನೀವು ಕೇಳ್ತೀರಿ, ಹಂದಿಗೆ ಏನು ಮಾಡೂದು ಅಂತ. ಸರಿಯಾದ ಪ್ರಶ್ನೆ. ಒಂದೇ ರಾತ್ರಿಯಲ್ಲಿ ನನ್ನ ಅರ್ಧ ಗುಂಟೆ ಶೇಂಗಾ ಉತ್ತು ಹಾಕಿ ಹೋಗಿದ್ದವು. ಬೇಲಿ ಬೇಡ ಅಂತ ನಾನು ಹೇಳೂದಿಲ್ಲ. ಬಲೆ ಕಟ್ಟಿದ್ರೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಿಟ್ಟು ನೆಲದ ಮೇಲೆ ಮಡಚಿ ಬಿದ್ದ ಬಲೆಯೇ ಹಾವಿಗೆ ಉರುಳು. ಉಳಿದ ತುಂಡನ್ನು ಗದ್ದೆಯಲ್ಲಿ ಬಿಡಬೇಡಿ, ಅಟ್ಟಕ್ಕೆ ಹಾಕಿ. ಬೆಳಿಗ್ಗೆ ನೀರು ಬಿಡ್ಲಿಕ್ಕೆ ಹೋದಾಗ ಒಂದು ಸುತ್ತು ನೋಡಿ ಬನ್ನಿ. ಬೆಳೆ ಮುಗಿದ ದಿನವೇ ಬಿಚ್ಚಿ. ನಾನು ಮುಂದಿನ ಸಲಕ್ಕೆ ಹಳೇ ಸೀರೆ ಕಟ್ಟುವವನು. ಗಾಳಿಗೆ ಹಾರಾಡ್ತದೆ, ಹಂದಿ ಸ್ವಲ್ಪವಾದರೂ ಹೆದರ್ತದೆ, ಹಾವು ಅಡಿಯಿಂದ ಹೋಗ್ತದೆ.

ಇಲಿ ಪಾಷಾಣದ ವಿಷಯವೂ ಹಾಗೆಯೇ. ವಿಷ ತಿಂದ ಇಲಿ ಬಿಲಕ್ಕೇ ಹೋಗಿ ಸಾಯ್ತದೆ ಅಂತ ಇಲ್ಲ, ಅರ್ಧ ಜೀವ ಆಗಿ ತಿರುಗ್ತಿರ್ತದೆ. ಅಂಥದ್ದೇ ಹಾವಿಗೆ, ಗೂಬೆಗೆ ಸುಲಭಕ್ಕೆ ಸಿಗೂದು. ವಿಷ ಅಲ್ಲಿಗೂ ದಾಟ್ತದೆ.

ಇನ್ನೊಬ್ಬರು ಹೇಳಬಹುದು, ‘ಕತ್ತಲಲ್ಲಿ ಕೇರೆ ಯಾವುದು ನಾಗರ ಯಾವುದು ಅಂತ ನೋಡ್ತಾ ಕೂತ್ಕೊಳ್ಳಲಿಕ್ಕೆ ಆಗ್ತದೋ ಮಾರಾಯ?’ ಆಗೂದಿಲ್ಲ. ಅದಕ್ಕೇ ಮುಟ್ಟಬೇಡಿ ಅನ್ನೂದು. ನಾನು ಬ್ಲೇಡು ಹಿಡಿದು ಬಲೆಗೆ ಕೈ ಹಾಕಿದ್ದೂ ತಪ್ಪೇ. ಮೊಂಡು ಬಾಲ ಗೊತ್ತಿತ್ತು ಅಂತ ಬಚಾವು. ದೂರ ನಿಂತು, ನಾಯಿ ಮಕ್ಕಳನ್ನು ಆಚೆ ಕಳಿಸಿ, ಬಿಸಿಲಿದ್ದರೆ ನೆರಳು ಮಾಡಿ, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅಕಸ್ಮಾತ್ ಕಚ್ಚಿದ್ರೆ ಹಗ್ಗ ಕಟ್ಟೂದು, ಕೊಯ್ಯೂದು, ನಾಟಿ ಮದ್ದು ಯಾವುದೂ ಬೇಡ, ಸೀದಾ ಆಸ್ಪತ್ರೆ. ಕೇರೆಗೆ ವಿಷ ಇಲ್ಲ, ಅದರ ಬಾಲ ತಾಗಿದಲ್ಲಿ ಮೈ ಕೊಳೀತದೆ ಅನ್ನೂದೂ ಸುಳ್ಳು. ನಮ್ಮ ಎಮ್ಮೆ ಅದೇ ಬಣವೆ ಪಕ್ಕಕ್ಕೆ ಇಷ್ಟು ವರ್ಷ ಕಟ್ಟಿಸಿಕೊಂಡು ನಿಂತದೆ, ಏನೂ ಆಗಲಿಲ್ಲ.

ಈಗ ಬೆಳೆ ಸುದ್ದಿ. ಬಣವೆ ಕಡೆಯ ಮೂಲೆಯಲ್ಲಿ ಈ ಸಲ ಗಿಡ ಕಿತ್ತರೆ ಬೇರಲ್ಲಿ ಬರೀ ಸಿಪ್ಪೆ. ಗದ್ದೆ ಹಾಳಿ ತುಂಬ ಇಲಿ ಬಿಲ. ಒಂದು ಮುದಿ ಹಾವು ಹೋದದ್ದಕ್ಕೇ ಹೀಗಾಯ್ತು ಅಂತ ನಾನು ಹೇಳೂದಿಲ್ಲ, ಹೇಳಿದ್ರೆ ನೀವು ನಗ್ತೀರಿ. ಆದರೆ ನಮ್ಮ ಸುತ್ತಲಿನವರ ಹತ್ರ ವಿಚಾರಿಸಿದೆ. ಈ ಒಂದೇ ಬೇಸಿಗೆಯಲ್ಲಿ ಇನ್ನೂ ಮೂರು ಕೇರೆ ಬಲೆಗೆ ಸಿಕ್ಕಿ ಸತ್ತಿದ್ದವು. ಯಾರೂ ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅದಕ್ಕೇ ಇವತ್ತು ಬರೆದೆ. ನಿಮ್ಮ ಗದ್ದೆ ಮೂಲೆಯಲ್ಲಿ ಬಲೆ ಗುಡ್ಡೆ ಇದ್ರೆ ನಾಳೆ ಬೆಳಿಗ್ಗೆ ತೆಗೀರಿ. ಮಳೆ ಬೀಳೂದರೊಳಗೆ ಆಗಲಿ. ನಾನು ನಂದು ತೆಗೆದಾಯ್ತು. ಆಯಿ ಮಾತ್ರ ಇನ್ನೂ ಹುಲ್ಲು ತೆಗೀಲಿಕ್ಕೆ ಹೋಗುವಾಗ ಮೊದಲು ಕೋಲಿಂದ ನೆಲ ಕುಟ್ತಾಳೆ, ಅಜ್ಜನಿಗೆ ಸುದ್ದಿ ಕೊಡೋ ಹಾಗೆ.