ಗ್ರಾವಲ್ ಬೈಕ್‌ಗೆ ಇಎಂಐ ಕಟ್ಟೋ ಮುಂಚೆ

ನಮ್ಮ ಬ್ಯಾಚಿನ ಒಬ್ಬ ಹುಡುಗ ಹೋದ ತಿಂಗಳು ಮೆಸ್‌ನಲ್ಲಿ ಊಟಕ್ಕೆ ಕೂತು, ಗ್ರಾವಲ್ ಬೈಕಿನ ಇಎಂಐ ಲೆಕ್ಕ ಹಾಕ್ತಿದ್ದ. ಬೆಲೆ ಒಂದು ಲಕ್ಷದ ಹತ್ತಿರ. ಅದರ ಮೇಲೆ ಹ್ಯಾಂಡಲ್‌ಗೊಂದು, ಫ್ರೇಮಿಗೊಂದು, ಸೀಟಿನ ಹಿಂದಕ್ಕೊಂದು ಅಂತ ಮೂರು ಬ್ಯಾಗು ಬೇರೆ. ಅವರಪ್ಪ ಊರಲ್ಲಿ ಚಿಕ್ಕ ದಿನಸಿ ಅಂಗಡಿ ಇಟ್ಟಿದ್ದಾರೆ. "ಇದಿಲ್ಲದೆ ಬೈಕ್‌ಪ್ಯಾಕಿಂಗ್ ಆಗಲ್ಲ ಮಗಾ" ಅಂದ. ಆಗುತ್ತೆ ಅಂತ ನನಗೆ ಗೊತ್ತಿತ್ತು, ಆದರೆ ಅನ್ನ ಸಾರಿನ ಮಧ್ಯೆ ಸರಿಯಾಗಿ ಹೇಳೋಕೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಗ್ರಾವಲ್ ರೈಡಿಂಗ್ ಅಂದ್ರೆ ಡಾಂಬರು ಬಿಟ್ಟು ಮಣ್ಣು, ಜಲ್ಲಿ, ಗಾಡಿ ದಾರಿಗಳಲ್ಲಿ ಸೈಕಲ್ ಹೊಡೆಯೋದು. ಬೈಕ್‌ಪ್ಯಾಕಿಂಗ್ ಅಂದ್ರೆ ರಾತ್ರಿ ಉಳಿಯೋಕೆ ಬೇಕಾದ್ದನ್ನ ಸೈಕಲ್‌ಗೇ ಕಟ್ಕೊಂಡು ಹೋಗೋದು. ಗ್ರಾವಲ್ ಬೈಕ್ ದೂರದಿಂದ ನೋಡಿದ್ರೆ ರೋಡ್ ಬೈಕ್ ಥರಾನೇ ಇರುತ್ತೆ, ಬಾಗಿದ ಹ್ಯಾಂಡಲ್. ಆದರೆ ಟೈರ್ 40 ಮಿ.ಮೀ. ಆಸುಪಾಸು ಅಗಲ, ಡಿಸ್ಕ್ ಬ್ರೇಕ್, ಏರು ಹತ್ತೋಕೆ ಹಗುರ ಗೇರು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಅನ್ನೋ ಊರಲ್ಲಿ 2006ರಲ್ಲಿ ಶುರುವಾದ 200 ಮೈಲಿ ರೇಸ್ ಇದನ್ನ ಜಗತ್ತಿಗೆಲ್ಲ ಹಬ್ಬಿಸ್ತು. ಅದರ ಈಗಿನ ಹೆಸರು ಅನ್‌ಬೌಂಡ್ ಗ್ರಾವಲ್. ಅಲ್ಲಿಯ ಫ್ಲಿಂಟ್ ಕಲ್ಲು ಟೈರನ್ನ ಚಾಕು ಹಾಕಿದ ಹಾಗೆ ಸೀಳುತ್ತೆ. ಅಂಥ ಕಡೆ ಒಂದೇ ಓಟಕ್ಕೆ 320 ಕಿ.ಮೀ. ಹೊಡೆಯೋನಿಗೆ ಆ ಬೈಕು ಬೇಕು, ಒಪ್ಪಿದೆ. ನಾವು ಹೋಗೋದು ಮೇಲುಕೋಟೆಗೆ.

ನನ್ನ ಹತ್ತಿರ ಇರೋದು ಪಿಯುಸಿ ಮುಗಿದ ಮೇಲೆ ಕೊಡಿಸಿದ 18,000 ರೂಪಾಯಿಯ ಹೈಬ್ರಿಡ್. ಮುಂದೆ ಮೂರು ಗೇರು, ಹಿಂದೆ ಏಳು, 35 ಮಿ.ಮೀ. ಟೈರು. ಮೊದಲ ಸಲ ಫಸ್ಟ್ ಇಯರ್‌ನಲ್ಲಿ ಒಬ್ಬನೇ ಹೊರಟು ಸೋತೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಒಂಬತ್ತು ಕೆ.ಜಿ. ಸಾಮಾನನ್ನ ಕಾಲೇಜ್ ಬ್ಯಾಗಿಗೆ ತುರುಕಿ ಬೆನ್ನಿಗೆ ಹಾಕ್ಕೊಂಡಿದ್ದೆ. ವಿಡಿಯೋದಲ್ಲಿ ಯಾರೋ ಗ್ರಾವಲ್‌ಗೆ 25 ಪಿಎಸ್‌ಐ ಸಾಕು ಅಂದಿದ್ದರು ಅಂತ ಗಾಳಿ ಇಳಿಸಿದ್ದೆ. ಅವರ ಟೈರು ನನ್ನದಕ್ಕಿಂತ ಅಗಲ, ಅದರಲ್ಲಿ ಟ್ಯೂಬೇ ಇಲ್ಲ, ಸೀಲೆಂಟ್ ಇರುತ್ತೆ ಅನ್ನೋದು ನನ್ನ ತಲೆಗೆ ಹೋಗಲೇ ಇಲ್ಲ. ಶ್ರೀರಂಗಪಟ್ಟಣ ದಾಟಿ ಮಣ್ಣು ದಾರಿಗೆ ಇಳಿದು ಸ್ವಲ್ಪ ದೂರ ಹೋಗಿರಬೇಕು, ಒಂದು ಕಲ್ಲಿಗೆ ಹೊಡೆದು ಹಿಂದಿನ ಚಕ್ರ ಕೂತುಬಿಡ್ತು. ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿದ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು. ಮೂರು ಕಿ.ಮೀ. ತಳ್ಳಿದೆ. ಪಂಚರ್ ಅಂಗಡಿಯವರು ಟೈರ್ ಅದುಮಿ ನೋಡಿ, "ಗಾಳೀನೇ ಇಲ್ವಲ್ಲಪ್ಪಾ, ಪಂಚರ್ ಆಗ್ದೆ ಇನ್ನೇನಾಯ್ತದೆ?" ಅಂದ್ರು. ಪಾಂಡವಪುರ ತಲುಪೋ ಹೊತ್ತಿಗೆ ಭುಜ ಕಿತ್ತು ಬರ್ತಿತ್ತು. ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕ್ಕೊಂಡು ವಾಪಸ್ ಬಂದೆ. ಆವತ್ತು ನನಗೂ ಅನ್ನಿಸಿದ್ದು ಇದೇ: ಸೈಕಲ್ ಸರಿಯಿಲ್ಲ, ಗ್ರಾವಲ್ ಬೈಕ್ ಬೇಕು.

ಸೈಕಲ್ ಸರಿ ಇತ್ತು. ನಾನು ಮಾಡಿದ ತಪ್ಪಿಗೆ ಹೊಸ ಸೈಕಲ್ ಔಷಧಿ ಆಗಿರಲಿಲ್ಲ.

ಇಂಜಿನಿಯರಿಂಗ್ ಓದೋರು ಇದನ್ನ ಯೋಚನೆ ಮಾಡಿದ್ರೆ ಚೆನ್ನಾಗಿರುತ್ತೆ. ಟೈರು ಅಂದ್ರೆ ಒಂದು ಸ್ಪ್ರಿಂಗು. ಗಾಳಿ ಜಾಸ್ತಿ ಇದ್ರೆ ಪ್ರತಿ ಕಲ್ಲಿಗೂ ಸೈಕಲ್, ನೀವು, ಲಗೇಜು ಎಲ್ಲವೂ ಒಟ್ಟಿಗೆ ಮೇಲಕ್ಕೆ ಎದ್ದು ಕೆಳಗೆ ಬೀಳಬೇಕು. ನಿಮ್ಮ ಕಾಲಿನ ಶಕ್ತಿ ಆ ಕುಲುಕಾಟದಲ್ಲೇ ಹೋಗುತ್ತೆ. ಗಾಳಿ ಸ್ವಲ್ಪ ಇಳಿಸಿದ್ರೆ ಕಲ್ಲು ಟೈರಿನೊಳಗೆ ಮುಳುಗುತ್ತೆ, ಮೇಲಿರೋ ತೂಕ ಅಲ್ಲಾಡದೆ ಮುಂದೆ ಹೋಗುತ್ತೆ. ತೀರಾ ಇಳಿಸಿದ್ರೆ ನನಗಾದದ್ದು ಆಗುತ್ತೆ. ಟ್ಯೂಬ್ ಇರೋ 35 ಮಿ.ಮೀ. ಟೈರಿಗೆ, 62 ಕೆ.ಜಿ.ಯ ನನಗೆ, ಲಗೇಜ್ ಹಾಕಿ 50 ಪಿಎಸ್‌ಐ ಹತ್ತಿರ ಸರಿಹೋಯ್ತು. ನಿಮ್ಮ ತೂಕಕ್ಕೆ ನೀವೇ ಹುಡುಕ್ಕೋಬೇಕು, ಅದಕ್ಕೆ ಖರ್ಚು ಒಂದು ಗೇಜ್ ಇರೋ ಪಂಪು.

ಗೇರಿನ ವಿಷಯ ಇನ್ನೂ ಮಜಾ. ಗ್ರಾವಲ್ ಬೈಕಿನಲ್ಲಿ ಸಾಮಾನ್ಯವಾಗಿ ಸಿಗೋ ಒಂದು ಜೋಡಿ ಅಂದ್ರೆ ಮುಂದೆ 40 ಹಲ್ಲು, ಹಿಂದೆ ದೊಡ್ಡದು 42. ಪೆಡಲ್ ಒಂದು ಸುತ್ತಿಗೆ ಚಕ್ರ 0.95 ಸುತ್ತು. ನನ್ನ ಸೈಕಲ್‌ನಲ್ಲಿ ಮುಂದಿನ ಚಿಕ್ಕದು 28, ಹಿಂದಿನ ದೊಡ್ಡದು 28, ಅಂದ್ರೆ ಸರಿಯಾಗಿ ಒಂದು ಸುತ್ತು. ಲಕ್ಷ ರೂಪಾಯಿಯ ಸೈಕಲ್ ಮೇಲುಕೋಟೆ ಏರಿನಲ್ಲಿ ನನಗಿಂತ ಶೇಕಡಾ 5ರಷ್ಟು ಹಗುರ. ಆ 5 ಪರ್ಸೆಂಟಿನಲ್ಲಿ ಒಂಚೂರನ್ನ ನಾನು ಒಂದು ಜೀನ್ಸ್ ಪ್ಯಾಂಟು ಹಾಸ್ಟೆಲ್‌ನಲ್ಲೇ ಬಿಟ್ಟು ಸರಿದೂಗಿಸಿದೆ.

ಈ ವರ್ಷ ಅಕ್ಟೋಬರ್‌ನಲ್ಲಿ ರೂಮ್‌ಮೇಟ್ ಜೊತೆ ಮತ್ತೆ ಹೊರಟೆ. ಈ ಸಲ ಬೆನ್ನ ಮೇಲೆ ಏನೂ ಇಲ್ಲ. ಕ್ಯಾರಿಯರ್ ಹಾಕಿಸಿ, ಬಟ್ಟೆ ಮತ್ತು ಒಂದು ಬೆಡ್‌ಶೀಟನ್ನ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹಳೇ ಟ್ಯೂಬ್ ಸೀಳಿ ಬಿಗಿದು ಕಟ್ಟಿದೆ. ಹಾಲಿನವರು ಕ್ಯಾನ್ ಕಟ್ಟೋದು ಹೀಗೇ. ಕ್ಯಾರಿಯರ್ ಬೋಲ್ಟ್ ಅಲ್ಲಾಡಿ ಅಲ್ಲಾಡಿ ಒಂದು ಬಿದ್ದೇಹೋಯ್ತು, ಆ ಜಾಗಕ್ಕೆ ಕೇಬಲ್ ಟೈ ಹಾಕಿದ್ವಿ. ಅಷ್ಟೇ ತೊಂದರೆ. ರೂಮ್‌ಮೇಟ್ ಚಕ್ರಕ್ಕೆ ಜಾಲಿ ಮುಳ್ಳು ಹೊಡೆದು, ತೆಗೆಯೋವಾಗ ವಾಲ್ವ್ ಬುಡದಲ್ಲೇ ಟ್ಯೂಬ್ ಹರಿಯಿತು. ನಮ್ಮ ಚಕ್ರದ ರಿಮ್ಮು 622 ಮಿ.ಮೀ., ಹಳ್ಳಿಯ ದೊಡ್ಡ ಕರಿ ಸೈಕಲ್‌ದು 635. ಹಳ್ಳಿಯಲ್ಲಿ ನಮ್ಮ ಸೈಜ್ ಎಲ್ಲಿ ಸಿಗಬೇಕು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ವಿ. ಅಂಗಡಿಯವರು ಅವರ ಹತ್ತಿರ ಇದ್ದ ಟ್ಯೂಬನ್ನೇ ಚೂರು ಒತ್ತಿ ಒಳಗೆ ಸೇರಿಸಿ, ಗಾಳಿ ಹೊಡೆದು, "ಹೋಯ್ತಾ ಇರಿ" ಅಂದ್ರು. ಹಾಸ್ಟೆಲ್‌ಗೆ ಬರೋವರೆಗೂ ಏನೂ ಆಗಲಿಲ್ಲ. ಒಳ್ಳೆ ಗ್ರಾವಲ್ ಬೈಕಿನ ಸಣ್ಣ ಕಡ್ಡಿಯಂಥ ಪ್ರೆಸ್ಟಾ ವಾಲ್ವಿಗೆ ಹಳ್ಳಿ ಅಂಗಡಿಯ ಪಂಪು ಅಡಾಪ್ಟರ್ ಇಲ್ಲದೆ ಕೂರೋದೇ ಇಲ್ಲ. ನನ್ನದು ಬೈಕ್, ಕಾರಿಗೆ ಇರೋ ಥರದ್ದೇ ವಾಲ್ವು. ಎಲ್ಲಿ ಬೇಕಾದ್ರೂ ಗಾಳಿ ಸಿಗುತ್ತೆ.

ಬ್ಯಾಗಿನ ಬಗ್ಗೆ ಒಂದು ಮಾತು. ಆ ಮೂರು ಬ್ಯಾಗುಗಳಿಗೆ ನಿಜವಾದ ಕಾರಣ ಇದೆ. ಬಂಡೆ, ಬೇರು ಇರೋ ಕಿರಿದಾದ ಕಾಡು ದಾರಿಯಲ್ಲಿ ಪಕ್ಕಕ್ಕೆ ನೇತು ಹಾಕಿದ ಬ್ಯಾಗು ಸಿಕ್ಕಿಹಾಕ್ಕೊಳ್ಳುತ್ತೆ, ಕ್ಯಾರಿಯರ್ ಮುರಿಯಬಹುದು. ನಾಲೆ ಏರಿ ಮೇಲೆ ಟ್ರ್ಯಾಕ್ಟರೇ ಓಡಾಡುತ್ತೆ! ಬೈಕ್‌ಪ್ಯಾಕಿಂಗ್ ಅನ್ನೋ ಹೆಸರು ಹುಟ್ಟೋಕೆ ಎಷ್ಟೋ ಮೊದಲು, 1897ರಲ್ಲಿ, ಅಮೆರಿಕ ಸೇನೆಯ 25ನೇ ಇನ್‌ಫೆಂಟ್ರಿಯ 20 ಕಪ್ಪು ಸೈನಿಕರು ಮೊಂಟಾನಾದ ಮಿಜೂಲದಿಂದ ಸೇಂಟ್ ಲೂಯಿಸ್‌ವರೆಗೆ 1,900 ಮೈಲಿ ಸೈಕಲ್ ಹೊಡೆದರು. ಕಂಬಳಿ, ಗುಡಾರದ ಬಟ್ಟೆ, ರೈಫಲ್ಲು ಎಲ್ಲ ಜೊತೆಗೆ. 41 ದಿನ. ಗೇರ್ ಇರಲಿಲ್ಲ. ಅವರಿಗೆ ಅದು ಹಾಬಿ ಅಲ್ಲ, ಡ್ಯೂಟಿ ಅನ್ನೋದನ್ನೂ ಹೇಳಬೇಕು.

ಹಾಬಿ ಅಲ್ಲದೆ ಸೈಕಲ್ ಹೊಡೆಯೋರು ನಾಲೆ ಏರಿ ಮೇಲೂ ಸಿಕ್ಕಿದರು. ಕೆಆರ್‌ಎಸ್‌ನಿಂದ ಹೊರಡೋ ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು, ಪಕ್ಕದಲ್ಲಿ ಕೆಂಪು ಮಣ್ಣಿನ ದಾರಿ, ಆ ಕಡೆ ಭತ್ತ, ಈ ಕಡೆ ಕಬ್ಬು, ಎಲ್ಲೋ ಆಲೆಮನೆ ಹೊಗೆ. ಹುಲ್ಲಿನ ಹೊರೆ ಕಟ್ಟಿದ ಸೈಕಲ್ ತಳ್ಕೊಂಡು ಬರ್ತಿದ್ದ ಒಬ್ಬ ತಾತ ನಮ್ಮನ್ನ ನಿಲ್ಲಿಸಿದರು. ಅವರ ಹೊರೆ ನಮ್ಮಿಬ್ಬರ ಲಗೇಜಿನ ಮೂರರಷ್ಟಿತ್ತು.

"ಎಷ್ಟಾಯ್ತಪ್ಪಾ ಈ ಸೈಕಲ್ಲು?"

ನಿಜ ಹೇಳೋಕೆ ನಾಚಿಕೆ ಆಯ್ತು. "ಎಂಟು ಸಾವಿರ ತಾತ" ಅಂದೆ.

"ಎಂಟ್ ಸಾವ್ರ ಇಸ್ಕೊಂಡು ಒಂದು ಸ್ಟ್ಯಾಂಡು, ಮಡ್‌ಗಾರ್ಡು ಕೊಡ್ಲಿಲ್ವಾ?"

ರೂಮ್‌ಮೇಟ್ ನಗೋಕೆ ಶುರು ಮಾಡಿದ. ನನಗೆ ಆ ಸುಳ್ಳು ಇವತ್ತಿಗೂ ಚುಚ್ಚುತ್ತೆ. ನೋಡಿ, ಹಳ್ಳಿಯವರೇ ನಿಜವಾದ ಬೈಕ್‌ಪ್ಯಾಕರ್ಸ್ ಅಂತ ರೀಲ್ ಮಾಡೋಕೆ ನಾನು ಇದನ್ನ ಹೇಳ್ತಿಲ್ಲ. ಆ ತಾತನಿಗೆ ನಾಳೆ ಒಂದು ಮೊಪೆಡ್ ಸಿಕ್ಕರೆ ಅವರು ಸೈಕಲ್ ತಿರುಗಿಯೂ ನೋಡಲ್ಲ, ನೋಡಬೇಕಾಗಿಯೂ ಇಲ್ಲ. ನಾನು ಹೇಳೋದು ಇಷ್ಟೇ: ಅವರ ಸೈಕಲ್ ದಿನಾ ಹೋಗೋ ದಾರಿಗೆ ಲಕ್ಷ ರೂಪಾಯಿ ಸೈಕಲ್ ಬೇಕೇಬೇಕು ಅಂತ ನಮಗೆ ನಾವೇ ಹೇಳ್ಕೊಳ್ಳೋದು, ಅದಕ್ಕೆ ಅಪ್ಪನ ಅಂಗಡಿ ದುಡ್ಡಿಗೆ ಕೈ ಹಾಕೋದು, ಸರಿ ಕಾಣಲ್ಲ.

ತಾತ ಹೊರಡೋ ಮುಂಚೆ ಇನ್ನೊಂದು ಹೇಳಿದ್ದರು, ಕತ್ತಲಾದ ಮೇಲೆ ಏರಿ ಮೇಲೆ ಹೋಗಬೇಡಿ ಅಂತ. ನಾವು ಆಲೆಮನೆಯಲ್ಲಿ ಬಿಸಿ ಬೆಲ್ಲ ತಿನ್ಕೊಂಡು ಕೂತು ಹೊತ್ತು ಮಾಡಿದ್ವಿ. ಕತ್ತಲಲ್ಲಿ, ಲೈಟಿದೆಯಲ್ಲ ಅಂತ ಹೊರಟ್ವಿ. ಒಂದು ತಿರುವಿನಲ್ಲಿ ಸಡಿಲ ಮಣ್ಣಿಗೆ ರೂಮ್‌ಮೇಟ್ ಮುಂದಿನ ಚಕ್ರ ಜಾರಿತು. ಅವನು ಬಿದ್ದದ್ದು ದಾರಿ ಕಡೆಗೆ. ಸೈಕಲ್‌ನ ಹಿಂದಿನ ಚಕ್ರ ನಾಲೆ ಅಂಚಿನಿಂದ ಆಚೆ ಸುತ್ತುತ್ತಾ ಇತ್ತು. ನೀರು ತುಂಬಿ ಹರೀತಿತ್ತು, ಸದ್ದೇ ಇರಲಿಲ್ಲ. ಇದೇ ವಿಶ್ವೇಶ್ವರಯ್ಯ ನಾಲೆಗೆ 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ ಬಿದ್ದು 30 ಜನ ತೀರಿಕೊಂಡದ್ದು ನನಗೆ ನೆನಪಾಯಿತು, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಡಾಂಬರು ರಸ್ತೆ ಸಿಗೋವರೆಗೂ ಇಬ್ಬರೂ ಇಳಿದು ತಳ್ಕೊಂಡು ಹೋದ್ವಿ. ಎಂಥ ಬೈಕ್ ಇದ್ದಿದ್ರೂ ಅಲ್ಲಿ ಬೇಕಾಗಿದ್ದದ್ದು ತಾತನ ಮಾತು ಕೇಳೋ ಬುದ್ಧಿ. ಸೆಕೆಂಡ್ ಇಯರ್ ಹುಡುಗರಿಗೆ ಅದೂ ಕಮ್ಮಿ.

ಆ ರಾತ್ರಿ ಮೇಲುಕೋಟೆಯ ಒಂದು ಛತ್ರದಲ್ಲಿ ರೂಮ್ ಸಿಕ್ಕಿತು. ಟೆಂಟ್ ಹಾಕದೆ ಇದ್ದರೆ ಅದು ಬೈಕ್‌ಪ್ಯಾಕಿಂಗ್ ಹೇಗೆ ಆಗುತ್ತೆ ಅಂತ ಇಎಂಐ ಗೆಳೆಯ ಕೇಳಿದ. ಮೇಲುಕೋಟೆ ಸುತ್ತಲ ಕಾಡು ತೋಳಗಳಿಗಾಗಿ ಮಾಡಿದ ವನ್ಯಜೀವಿ ಧಾಮ, ಅನುಮತಿ ಇಲ್ಲದೆ ಅಲ್ಲಿ ಮಲಗೋ ಹಾಗಿಲ್ಲ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಇರೋದು ಎಲ್ಲರಿಗೂ ಗೊತ್ತು. ಗುಡಿ, ಛತ್ರ ಇರೋ ಊರಲ್ಲಿ ಕೇಳಿದ್ರೆ ಜಾಗ ಸಿಗುತ್ತೆ. ಕೇಳೋಕೆ ಬಾಯಿ ಬರಬೇಕು, ಅಷ್ಟೇ. ನನ್ನ ಇಂಗ್ಲಿಷ್ ಮೀಡಿಯಂ ಕನ್ನಡಕ್ಕೆ ಅದು ಏರಿಗಿಂತ ಕಷ್ಟ ಆಯ್ತು. ಎರಡು ದಿನಕ್ಕೆ ಇಬ್ಬರದೂ ಸೇರಿ ಖರ್ಚು 1,400 ರೂಪಾಯಿ, ಟ್ಯೂಬ್ ಸೇರಿಸಿ. ಪುಳಿಯೋಗರೆ ಎರಡೆರಡು ಸಲ ತಿಂದಿದ್ವಿ.

ಗ್ರಾವಲ್ ಬೈಕ್ ದಂಡ ಅಂತ ನಾನು ಹೇಳಲ್ಲ. ಮಳೆಗಾಲದಲ್ಲಿ ನನ್ನ ರಿಮ್ ಬ್ರೇಕಿಗೆ ಕೆಸರು ಮೆತ್ತಿ ಚಕ್ರವೇ ತಿರುಗದ ಹಾಗಾಗುತ್ತೆ, ಡಿಸ್ಕ್ ಇದ್ದರೆ ಆ ಗೋಳಿಲ್ಲ. ಹತ್ತು ದಿನದ ರೈಡಿಗೆ ಬಾಗಿದ ಹ್ಯಾಂಡಲ್‌ನಲ್ಲಿ ಕೈ ಇಡೋ ಜಾಗ ಬದಲಾಯಿಸಬಹುದು, ನನ್ನ ನೇರ ಹ್ಯಾಂಡಲ್‌ನಲ್ಲಿ ಎರಡನೇ ದಿನವೇ ಅಂಗೈ ಜೋಮು ಹಿಡಿದಿತ್ತು. ಸ್ವಂತ ಸಂಬಳ ಬಂದ ಮೇಲೆ ನಾನೂ ತಗೋತೀನೇನೋ. ಆದರೆ ಒಂದು ರಾತ್ರಿಯನ್ನೂ ಹೊರಗೆ ಕಳೆಯದೆ, ಯಾವ ನೋವು ಸೈಕಲ್‌ದು, ಯಾವುದು ನಮ್ಮ ತಪ್ಪಿಂದ ಬಂದದ್ದು ಅಂತ ಗೊತ್ತಾಗೋಕೆ ಮುಂಚೆ ಯಾಕೆ?

ಇಎಂಐ ಗೆಳೆಯ ಇನ್ನೂ ಡಿಸೈಡ್ ಮಾಡಿಲ್ಲ. ಇಂಟರ್ನಲ್ಸ್ ಮುಗಿದ ಶನಿವಾರ ನನ್ನ ಸೈಕಲ್ ತಗೊಂಡು ತೊಣ್ಣೂರು ಕೆರೆವರೆಗೆ ಹೋಗಿ ಬರ್ತೀನಿ ಅಂದಿದ್ದಾನೆ. ಕ್ಯಾರಿಯರ್‌ಗೆ ಎರಡು ಎಕ್ಸ್‌ಟ್ರಾ ಬೋಲ್ಟ್ ತಂದಿಟ್ಟಿದ್ದೀನಿ.